ಒಂಬತ್ತನೆಯ ಷರತ್ತಿಗೆ ಸಹಿ ಹಾಕಿದ ಸೋದರಮಾವನ ಪತ್ರ

ಇವರಿಗೆ,
ಆಡಳಿತ ಮಂಡಳಿಯ ಅಧ್ಯಕ್ಷರು, ಪ್ರಾಂಶುಪಾಲರು ಹಾಗೂ ವಿದ್ಯಾರ್ಥಿ ನಿಲಯದ ಮೇಲ್ವಿಚಾರಕರು,
ಮಂಗಳೂರಿನ ಒಂದು ವಸತಿಯುತ ಪದವಿಪೂರ್ವ ಕಾಲೇಜು

ಮಾನ್ಯರೇ,

ಸಾದರ ವಂದನೆಗಳು. ತಮ್ಮ ಕಾಲೇಜಿನ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಬರೆದರೆ ಉಳಿದ ಕಾಲೇಜುಗಳವರು ‘ಅದು ಅವರ ಮನೆಯ ಕಥೆ’ ಎಂದು ಪತ್ರವನ್ನು ಮಡಿಚಿಡುತ್ತಾರೆ. ಅಲ್ಲದೆ ನನ್ನ ಅಳಿಯ ಇನ್ನೂ ಒಂದು ವರ್ಷ ತಮ್ಮಲ್ಲೇ ಓದಬೇಕು. ಪತ್ರ ಯಾರದೆಂದು ತಮಗಂತೂ ಎರಡನೆಯ ಪ್ಯಾರಾ ಮುಗಿಯುವಷ್ಟರಲ್ಲಿ ತಿಳಿಯುತ್ತದೆ. ಅಷ್ಟು ಸಾಕು.

ಕಳೆದ ವರ್ಷ ದಾಖಲಾತಿಯ ದಿನ ತಮ್ಮ ಕಚೇರಿಯ ಕೌಂಟರಿನಲ್ಲಿ ನಾಲ್ಕು ಪುಟದ ಮುಚ್ಚಳಿಕೆಗೆ ಸಹಿ ಹಾಕಿದವನು ನಾನು. ಹುಡುಗನ ತಂದೆ ಕುವೈತಿನಲ್ಲಿದ್ದಾರೆ. ತಾಯಿ, ಅಂದರೆ ನನ್ನ ತಂಗಿ, ಪಕ್ಕದಲ್ಲೇ ನಿಂತಿದ್ದಳು. ಆದರೂ ಪೆನ್ನನ್ನು ನನ್ನ ಕಡೆಗೆ ಸರಿಸಿದಳು. ಆಸ್ತಿ ಮಾವನಿಂದ ತಂಗಿಯ ಮಕ್ಕಳಿಗೆ ಹೋಗುವ ಅಳಿಯಸಂತಾನದ ಕಾನೂನು ಹೋಗಿ ಎಷ್ಟೋ ಕಾಲವಾಯಿತು, ನಮ್ಮ ಕಡೆ ಇಂಥ ಜಾಗದಲ್ಲಿ ಮಾತ್ರ ಸೋದರಮಾವನ ಸಹಿಯೇ ನಡೆಯುತ್ತದೆ. ಷರತ್ತುಗಳು ಹದಿನಾಲ್ಕು. ಒಂಬತ್ತನೆಯದು: ವಿದ್ಯಾರ್ಥಿಯು ಎರಡು ವರ್ಷಗಳ ಅವಧಿಯಲ್ಲಿ ಸಂಗೀತ, ನೃತ್ಯ, ಯಕ್ಷಗಾನ, ಕ್ರೀಡಾಕೂಟ ಮುಂತಾದ ಯಾವುದೇ ಹೊರಗಿನ ಚಟುವಟಿಕೆಯಲ್ಲಿ ತೊಡಗತಕ್ಕದ್ದಲ್ಲ, ಅದಕ್ಕಾಗಿ ರಜೆ ಕೇಳತಕ್ಕದ್ದಲ್ಲ. ನಾನು ಅದನ್ನು ಓದಿದೆ. ಓದಿಯೇ ಸಹಿ ಹಾಕಿದೆ. ಮೂವತ್ತೆಂಟು ವರ್ಷ ಬ್ಯಾಂಕಿನ ಕೌಂಟರಿನ ಆ ಬದಿಯಲ್ಲಿ ಕುಳಿತು ‘ಓದಿ ಸಹಿ ಮಾಡಿ’ ಎಂದು ಜನರಿಗೆ ಹೇಳಿದವನು, ಈಗ ‘ಗಮನಿಸಲಿಲ್ಲ’ ಎನ್ನುವಂತಿಲ್ಲ. ಆದ್ದರಿಂದ ಈ ದೂರಿನಲ್ಲಿ ಮೊದಲ ಆರೋಪಿ ನಾನೇ ಎಂದು ಬರೆದುಕೊಳ್ಳಿ.

ಹುಡುಗನ ವಿಷಯ ಇಷ್ಟು. ಎಂಟನೆಯ ತರಗತಿಯಲ್ಲಿದ್ದಾಗ ಯಕ್ಷಗಾನದ ಚೆಂಡೆ ಹಿಡಿದ. ಅದಕ್ಕೂ ಮೊದಲು ನನ್ನ ಮದ್ದಳೆಯ ಎದುರು ಕುಳಿತು ಬೆರಳಿನಲ್ಲಿ ತಾಳ ಲೆಕ್ಕ ಹಾಕುತ್ತಿದ್ದ. ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಊರಿನ ಹವ್ಯಾಸಿ ಸಂಘದ ಯಕ್ಷಗಾನದ ಆಟಗಳಲ್ಲಿ, ಕಥೆಗೂ ಮೊದಲಿನ ಪೂರ್ವರಂಗಕ್ಕೆ ಒಂಟಿಯಾಗಿ ಕೂರುವ ಧೈರ್ಯ ಬಂದಿತ್ತು. ಓದಿನಲ್ಲೂ ಹಿಂದೆ ಬಿದ್ದವನಲ್ಲ. ಬಿದ್ದಿದ್ದರೆ ತಾವು ಸೀಟು ಕೊಡುತ್ತಿರಲಿಲ್ಲ. ವಿಜ್ಞಾನ ಬೇಕೆಂದು ಕೇಳಿದವನೂ ಅವನೇ. ಯಾರೂ ಅವನ ಕುತ್ತಿಗೆಗೆ ಕೈಹಾಕಿ ಭೌತಶಾಸ್ತ್ರಕ್ಕೆ ತಳ್ಳಲಿಲ್ಲ. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ‘ಮಗುವಿಗೆ ಓದಲು ಮನಸ್ಸಿಲ್ಲ, ಅದಕ್ಕೆ ಮಾವನಿಗೆ ಸಿಟ್ಟು’ ಎಂಬ ಸುಲಭದ ಉತ್ತರ ತಮ್ಮ ಕೈಗೆ ಸಿಗಬಾರದು.

ತಮ್ಮ ವೇಳಾಪಟ್ಟಿ ನನ್ನ ಬಳಿ ಇದೆ. ಬೆಳಿಗ್ಗೆ 5ಕ್ಕೆ ಗಂಟೆ. ಐದೂವರೆಯಿಂದ ಏಳೂವರೆಯವರೆಗೆ ಓದು. ಎಂಟೂವರೆಯಿಂದ ಸಂಜೆ ನಾಲ್ಕೂವರೆಯವರೆಗೆ ತರಗತಿ. ಐದರಿಂದ ಏಳರವರೆಗೆ ಪ್ರವೇಶ ಪರೀಕ್ಷೆಯ ತರಬೇತಿ. ರಾತ್ರಿ ಎಂಟರಿಂದ ಹತ್ತೂವರೆಯವರೆಗೆ ಮತ್ತೆ ಓದು. ಊಟದ ಒಂದು ಗಂಟೆ ಕಳೆದರೂ ಹದಿಮೂರೂವರೆ ಗಂಟೆ. ಭಾನುವಾರ ಬೆಳಿಗ್ಗೆ ಮೂರು ಗಂಟೆಯ ಅಣಕು ಪರೀಕ್ಷೆ, ಮಧ್ಯಾಹ್ನ ಅದರ ವಿಮರ್ಶೆ, ಸಂಜೆ ಮನೆಗೆ ಹತ್ತು ನಿಮಿಷದ ಫೋನು. ಆ ಹತ್ತು ನಿಮಿಷದಲ್ಲಿ ನಾವೂ ಕೇಳುವುದು ಅಂಕವನ್ನೇ, ಅದು ಬೇರೆ ಮಾತು. ಲೆಕ್ಕ ಬರೆಯುವ ಕೆಲಸ ಮಾಡಿ ಬದುಕಿದವನಾದ್ದರಿಂದ ಎಲ್ಲಿಯಾದರೂ ಒಂದು ಅರ್ಧ ಗಂಟೆ ತಪ್ಪಿ ಉಳಿದಿದೆಯೇ ಎಂದು ಹುಡುಕಿದೆ. ಉಳಿದಿಲ್ಲ. ಬ್ಯಾಂಕಿನ ಲೆಡ್ಜರು ಕೂಡ ಇಷ್ಟು ಬಿಗಿಯಾಗಿ ತಾಳೆಯಾದದ್ದನ್ನು ನಾನು ಕಂಡಿಲ್ಲ.

ಆಗಸ್ಟಿನಲ್ಲಿ ಮೊದಲ ಕರೆ ಬಂತು. ರಾತ್ರಿಯ ಓದಿನ ಹೊತ್ತಿನಲ್ಲಿ ಹುಡುಗ ಮೇಜಿನ ಮೇಲೆ ಬೆರಳು ಬಡಿಯುತ್ತಾನೆ, ಇತರರಿಗೆ ತೊಂದರೆಯಾಗುತ್ತದೆ, ಪಾಲಕರು ಬಂದು ತಿಳಿಹೇಳಬೇಕು. ನಾನು ಬಂದೆ. ಅವನು ಗೋಡೆಯ ಬದಿಯಲ್ಲಿ ನಿಂತಿದ್ದ. ‘ಏನು ಬಾರಿಸುತ್ತಿದ್ದೆ?’ ಎಂದು ಕೇಳಿದೆ. ‘ಗೊತ್ತಾಗಲಿಲ್ಲ ಮಾವ, ತ್ರಿವುಡೆ ತಾಳ ಇರಬೇಕು’ ಎಂದ. ತೊಂದರೆಯಾಗುವುದು ನಿಜವೇ. ಮಲಗಿದವರ ಬಳಿ ಮೇಜು ಬಡಿದರೂ ತೊಂದರೆ, ಓದುವವರ ಬಳಿ ಬಡಿದರೂ ತೊಂದರೆ. ಕ್ಷಮೆ ಕೇಳಿ ಬಂದೆ. ಬಸ್ಸಿನಲ್ಲಿ ಕುಳಿತ ಮೇಲೆ ನನಗೇ ನಗು ಬಂತು. ತಾಳ ತಪ್ಪಿದ್ದಕ್ಕೆ ಗುರುಗಳಿಂದ ಬೈಗುಳ ತಿಂದವನು ನಾನು, ತಾಳ ಹಾಕಿದ್ದಕ್ಕೆ ನಿಂತವನು ಅವನು.

ಎರಡನೆಯ ಸಲ ನಾನೇ ಬಂದದ್ದು, ಡಿಸೆಂಬರಿನ ಮೊದಲ ವಾರ. ಅದು ನಗುವ ವಿಷಯವಲ್ಲ.

ಈ ಹುಡುಗ ಹುಟ್ಟಿದಾಗ ತೂಕ ತೀರಾ ಕಡಿಮೆಯಿತ್ತು. ಹತ್ತೊಂಬತ್ತು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ನನ್ನ ತಾಯಿ ಅಲ್ಲಿಯ ವರಾಂಡದಲ್ಲಿ ನಿಂತು ದೇವರ ಸೇವೆಯಾಗಿ ಒಂದು ಯಕ್ಷಗಾನ ಆಡಿಸುವ ಹರಕೆ ಹೇಳಿಕೊಂಡರು. ಕಟೀಲು ದೇವಸ್ಥಾನದ ಯಕ್ಷಗಾನ ಮೇಳದ ಹರಕೆಯಾಟಕ್ಕೆ ಹೆಸರು ಬರೆಸಿದ ಮೇಲೆ ಎಷ್ಟು ವರ್ಷ ಕಾಯಬೇಕೆಂದು ಈ ಜಿಲ್ಲೆಯವರಿಗೆ ನಾನು ವಿವರಿಸಬೇಕಾಗಿಲ್ಲ. ನಮ್ಮ ಸರದಿ ಬರುವಷ್ಟರಲ್ಲಿ ತಾಯಿ ತೀರಿಕೊಂಡಿದ್ದರು. ಗಾಜಿನ ಪೆಟ್ಟಿಗೆಯ ಕೂಸು ಹದಿನಾರು ದಾಟಿ ಚೆಂಡೆ ಕಲಿತಿತ್ತು. ನಮ್ಮ ಗದ್ದೆಯಲ್ಲೇ ರಂಗಸ್ಥಳ. ಸಂಜೆ ಆಟವಿದೆಯೆಂದು ಊರಿಗೆ ಸಾರುವ ‘ಕೇಳಿ’ ಬಾರಿಸುವಾಗ ಎರಡು ನಿಮಿಷ ಇವನೂ ಕೋಲು ಹಿಡಿಯಲಿ ಎಂದು ಹಿಮ್ಮೇಳದ ಹಿರಿಯರು ದೊಡ್ಡ ಮನಸ್ಸಿನಿಂದ ಒಪ್ಪಿದ್ದರು. ಶನಿವಾರ ರಾತ್ರಿಯ ಆಟ. ನಾನು ಕೇಳಿದ್ದು ಶನಿವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದವರೆಗೆ, ಒಂದೇ ದಿನದ ರಜೆ.

ಪ್ರಾಂಶುಪಾಲರೇ, ತಾವು ಅಂದು ಒರಟಾಗಿ ಮಾತನಾಡಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಕುರ್ಚಿ ಕೊಟ್ಟಿರಿ, ಚಹಾ ತರಿಸಿದಿರಿ. ಭಾನುವಾರದ ಪರೀಕ್ಷೆ ತಪ್ಪಿದರೆ ಸರಾಸರಿ ಇಳಿಯುತ್ತದೆ, ಸರಾಸರಿ ಇಳಿದರೆ ಮೊದಲ ಬ್ಯಾಚಿನಿಂದ ಎರಡನೆಯದಕ್ಕೆ ಹೋಗುತ್ತಾನೆ, ಅಲ್ಲಿಂದ ಮೇಲೆ ಬರುವುದು ಕಷ್ಟ ಎಂದು ತಾಳ್ಮೆಯಿಂದ ಬಿಡಿಸಿ ಹೇಳಿದಿರಿ. ಕೊನೆಗೆ ಒಂಬತ್ತನೆಯ ಷರತ್ತಿನ ಪುಟ ತೆರೆದು ನನ್ನ ಸಹಿಯನ್ನು ನನಗೇ ತೋರಿಸಿದಿರಿ. ಆ ರಾತ್ರಿ ದೊಂದಿಯ ಬೆಂಕಿಯ ನಡುವೆ ಮಹಿಷಾಸುರ ಸಭೆಯ ಹಿಂದಿನಿಂದ ಅಬ್ಬರಿಸುತ್ತಾ ಬರುವಾಗ ನನ್ನ ತಂಗಿ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದಳು. ‘ಯಾರಿಗೆ ಕಳುಹಿಸುತ್ತೀ? ಅವನ ಬಳಿ ಫೋನಿಲ್ಲವಲ್ಲ’ ಎಂದೆ. ಅವಳು ಹಿಡಿಯುವುದನ್ನು ನಿಲ್ಲಿಸಲಿಲ್ಲ. ಯಾರ ಜೀವಕ್ಕಾಗಿ ಹೇಳಿಕೊಂಡ ಹರಕೆಯೋ ಅವನೊಬ್ಬನನ್ನು ಬಿಟ್ಟು ಊರೆಲ್ಲ ಬಂದು ಪ್ರಸಾದ ತೆಗೆದುಕೊಂಡು ಹೋಯಿತು.

ಮೂರು ವಾರ ಕಳೆದು ಕಾಲೇಜಿನ ವಾರ್ಷಿಕೋತ್ಸವ ಬಂತು. ಈ ಸಲದ ಕರೆಯ ಧಾಟಿಯೇ ಬೇರೆ. ಮುಖ್ಯ ಅತಿಥಿಗಳನ್ನು ಗೇಟಿನಿಂದ ವೇದಿಕೆಯವರೆಗೆ ಚೆಂಡೆವಾದನದೊಂದಿಗೆ ಕರೆತರಬೇಕು, ತಮ್ಮ ಹುಡುಗ ಚೆನ್ನಾಗಿ ಬಾರಿಸುತ್ತಾನಂತೆ, ಚೆಂಡೆ ತಂದುಕೊಡಬಹುದೇ? ತಂದುಕೊಟ್ಟೆ. ಗೋಣಿಯಲ್ಲಿ ಸುತ್ತಿ, ಕಿನ್ನಿಗೋಳಿಯಿಂದ ಬಸ್ಸಿನಲ್ಲಿ, ಕಾಲಿನ ನಡುವೆ ಇಟ್ಟುಕೊಂಡು. ಅವನು ಬಾರಿಸಿದ, ಅತಿಥಿಗಳು ನಡೆದು ಬಂದರು, ಫೋಟೋಗಳಾದವು. ರಾತ್ರಿ ಎಂಟು ಗಂಟೆಗೆ ಚೆಂಡೆಯನ್ನು ವಾಚ್‌ಮನ್ ಕೈಯಲ್ಲಿ ಗೇಟಿನ ಹೊರಗೆ ನನಗೆ ಮರಳಿಸಿದಿರಿ. ಈ ವರ್ಷದ ತಮ್ಮ ಮಾಹಿತಿ ಪುಸ್ತಿಕೆಯ ಐದನೆಯ ಪುಟದಲ್ಲಿ ಆ ಫೋಟೋ ಇದೆ, ಕೆಳಗೆ ‘ಓದಿನೊಂದಿಗೆ ಪರಂಪರೆ’ ಎಂಬ ಎರಡು ಪದಗಳು. ಅದೇ ಪುಸ್ತಿಕೆಯ ಹಿಂಬದಿಯಲ್ಲಿ ಹದಿನಾಲ್ಕು ಷರತ್ತುಗಳೂ ಇವೆ. ಎರಡನ್ನೂ ಒಂದೇ ಪಿನ್ನಿನಲ್ಲಿ ಹೊಲಿದ ಮುದ್ರಕರಿಗೆ ನಗು ಬಂದಿತೋ ಇಲ್ಲವೋ.

ಈಗ ನನ್ನದೊಂದು ಹಳೆಯ ಕಥೆ. ಇದನ್ನು ಕೇಳದೆ ತಮಗೆ ನನ್ನ ದೂರಿನ ತಿರುಳು ಸಿಗುವುದಿಲ್ಲ.

1983ರಲ್ಲಿ ನನಗೆ ಇಪ್ಪತ್ತೊಂದು ವರ್ಷ. ಬಿ.ಕಾಂ. ಮುಗಿದಿತ್ತು. ಮದ್ದಳೆ ಕಲಿಸಿದ ಗುರುಗಳು ಮೇಳದಲ್ಲಿದ್ದರು. ದೀಪಾವಳಿ ಕಳೆದು ತಿರುಗಾಟ ಹೊರಡುವಾಗ ನನ್ನನ್ನೂ ಕರೆದರು. ನಾನು ಚೀಲ ತುಂಬಿಟ್ಟಾಗಿತ್ತು. ನನ್ನ ಸೋದರಮಾವ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದವರು ಕೆಲಸ ನಿಲ್ಲಿಸದೆ ಲೆಕ್ಕ ಹೇಳಿದರು. ಗೇಣಿ ಬರುತ್ತಿದ್ದ ಗದ್ದೆಗಳು 1974ರ ಭೂಸುಧಾರಣೆಯಲ್ಲಿ ಒಕ್ಕಲುಗಳಿಗೆ ಹೋಗಿದ್ದವು. (ಉತ್ತವರಿಗೆ ಹೋದದ್ದು ನ್ಯಾಯವೇ, ಆದರೆ ನಮ್ಮ ಅಟ್ಟ ಖಾಲಿಯಾದದ್ದೂ ನಿಜ.) ಮದುವೆಗೆ ಬಂದ ತಂಗಿಯರು ಇಬ್ಬರು. ಬ್ಯಾಂಕಿನ ನೇಮಕಾತಿ ಪರೀಕ್ಷೆ ಮುಂದಿನ ತಿಂಗಳು. ಇಷ್ಟು ಹೇಳಿ ಕೊನೆಗೆ ತುಳುವಿನಲ್ಲಿ ಒಂದು ಮಾತು ಸೇರಿಸಿದರು: ಹಗಲು ಬ್ಯಾಂಕಿಗೆ ಕೊಡು, ರಾತ್ರಿ ನಿನ್ನದೇ, ನಾನು ಕೇಳುವುದಿಲ್ಲ.

ಗುರುಗಳ ಬಳಿ ಹೋಗಿ ಅತ್ತೆ. ಅವರು ನನ್ನ ಪರ ನಿಲ್ಲುತ್ತಾರೆಂದು ಎಣಿಸಿದ್ದೆ. ಅವರು ಮಾವನ ಪರ ನಿಂತರು. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಗೆಜ್ಜೆ ಬಿಚ್ಚಿದ ಮೇಲೆ ಮತ್ತೆ ಗೆಜ್ಜೆ ಕಟ್ಟುವವರೆಗೆ ಅವರ ಮನೆ ನಡೆಯುತ್ತಿದ್ದದ್ದು ಹೆಂಡತಿ ಕಟ್ಟುವ ಬೀಡಿಯಿಂದ. ಮಳೆಗಾಲದ ಸಂಜೆಗಳಲ್ಲಿ ಅವರ ಚಾವಡಿಯಲ್ಲಿ ಮದ್ದಳೆಯ ಪಾಠ ನಡೆಯುವಾಗ ಪಕ್ಕದಲ್ಲಿ ಮೊರದಲ್ಲಿ ಬೀಡಿ ಎಲೆ, ಕತ್ತರಿ, ನೂಲು. ಆಕೆ ನಮ್ಮ ತಾಳಕ್ಕೆ ಸರಿಯಾಗಿ ಬೀಡಿ ಸುತ್ತುತ್ತಿದ್ದರು. ಆದ್ದರಿಂದ ಕಲೆಯ ಬದುಕು ಹೂವಿನ ಹಾಸಿಗೆ ಎಂದು ಭ್ರಮಿಸಿ ನಾನು ಈ ಪತ್ರ ಬರೆಯುತ್ತಿಲ್ಲ. ಇಂದು ಕಲಾವಿದರ ಸ್ಥಿತಿ ಎಷ್ಟೋ ಸುಧಾರಿಸಿದೆ. ಉಡುಪಿಯ ಯಕ್ಷಗಾನ ಕಲಾರಂಗ, ಯಕ್ಷಗಾನದ ಹಾಡುಗಾರ, ಅಂದರೆ ಭಾಗವತ, ಪಟ್ಲ ಸತೀಶ ಶೆಟ್ಟರು ಕಟ್ಟಿದ ಫೌಂಡೇಶನ್ನಿನಂಥ ಸಂಸ್ಥೆಗಳು ಕಷ್ಟಕ್ಕೆ ಬಿದ್ದ ಕಲಾವಿದರ ಕೈಹಿಡಿಯುತ್ತಿವೆ, ಮನೆ ಕಟ್ಟಿಸಿಕೊಡುತ್ತಿವೆ. ಆದರೂ ನಾಳೆ ನನ್ನ ಅಳಿಯ ‘ಓದು ಬಿಟ್ಟು ಮೇಳ ಸೇರುತ್ತೇನೆ’ ಎಂದರೆ ಮೊದಲು ಬೇಡ ಎನ್ನುವವನು ನಾನೇ ಇರಬಹುದು. ಹಾಗೆ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿದ್ದೇನೆ.

1984ರಲ್ಲಿ ಬ್ಯಾಂಕು ಸೇರಿದೆ. ಮಾವ ತಮ್ಮ ಮಾತು ಉಳಿಸಿಕೊಂಡರು, ಬ್ಯಾಂಕೂ ಉಳಿಸಿಕೊಂಡಿತು. ಸಂಜೆ ಐದೂವರೆಗೆ ನಗದು ತಾಳೆಯಾದರೆ ನಾನು ಸ್ವತಂತ್ರ. ಶನಿವಾರ ಅರ್ಧ ದಿನ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಗೆ ನಮ್ಮ ನೌಕರರದ್ದೇ ಒಂದು ತಂಡವಿತ್ತು. ಕ್ಯಾಷಿಯರ್ ಕರ್ಣನಾದರೆ ಸಾಲ ವಿಭಾಗದವರು ಶಲ್ಯ. ಶನಿವಾರ ರಾತ್ರಿ ಆಟ, ಭಾನುವಾರ ನಿದ್ದೆ, ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕೌಂಟರು. ಆ ಸಂಬಳದಿಂದ ಇಬ್ಬರು ತಂಗಿಯರ ಮದುವೆಯಾಯಿತು, ಹಂಚಿನ ಮಾಡು ಸರಿಯಾಯಿತು. ಮೂರು ಸಲ ಬಂದ ಬಡ್ತಿಯನ್ನು ಬೇಡವೆಂದು ಬರೆದುಕೊಟ್ಟೆ. ಒಪ್ಪಿಕೊಂಡಿದ್ದರೆ ಉತ್ತರ ಭಾರತದ ಯಾವುದೋ ಶಾಖೆಗೆ ಹೋಗಿ ಮದ್ದಳೆಯ ಚರ್ಮ ಒಣಗುವುದನ್ನು ನೋಡುತ್ತಾ ಕೂರಬೇಕಿತ್ತು. ಜೊತೆಗೆ ಸೇರಿದವರು ಮ್ಯಾನೇಜರಾಗಿ, ಅದಕ್ಕೂ ಮೇಲಿನವರಾಗಿ ನಿವೃತ್ತರಾದರು. ನಾನು ಸ್ಪೆಷಲ್ ಅಸಿಸ್ಟೆಂಟ್ ಆಗಿಯೇ 2022ರಲ್ಲಿ ಹೊರಬಂದೆ. ‘ನಿಮ್ಮ ಮದ್ದಳೆಗೆ ನಮ್ಮ ಮನೆಯ ಎರಡು ಕೋಣೆ ಖರ್ಚಾಯಿತು’ ಎಂದು ನನ್ನ ಹೆಂಡತಿ ಈಗಲೂ ಹೇಳುವುದುಂಟು. ಲೆಕ್ಕ ಸರಿಯಾಗಿಯೇ ಇದೆ, ನಾನು ವಾದಿಸಲು ಹೋಗುವುದಿಲ್ಲ.

ನೌಕರಿಯ ಭದ್ರತೆಯ ಬಗ್ಗೆ ಇಲ್ಲೇ ಒಂದು ಮಾತು. ನಮ್ಮ ಎರಡು ಜಿಲ್ಲೆಗಳು ದೇಶಕ್ಕೆ ಬ್ಯಾಂಕುಗಳನ್ನು ಹೆತ್ತುಕೊಟ್ಟವು. ಕೆನರಾ ಮತ್ತು ಕಾರ್ಪೊರೇಷನ್ 1906ರವು, ಕರ್ಣಾಟಕ 1924, ಸಿಂಡಿಕೇಟ್ 1925, ವಿಜಯಾ 1931. ಇವುಗಳಲ್ಲಿ ಒಂದನ್ನು ಸೇರಿದರೆ ಸಾಯುವವರೆಗೆ ಚಿಂತೆಯಿಲ್ಲ ಎಂದು ಹಿರಿಯರು ನಂಬಿದ್ದರು. 2019ರ ಏಪ್ರಿಲ್ 1ಕ್ಕೆ ವಿಜಯಾ ಬೇರೆ ಬ್ಯಾಂಕಿನಲ್ಲಿ ವಿಲೀನವಾಗಿ ಹೋಯಿತು, ಮರುವರ್ಷ ಅದೇ ದಿನ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಹೋದವು. ನಾನು ಸೇರಿದ ಬ್ಯಾಂಕಿನ ಹೆಸರು ಇಂದು ಯಾವ ಶಾಖೆಯ ಫಲಕದ ಮೇಲೂ ಇಲ್ಲ. ಸಂಬಳ ನಿಲ್ಲಲಿಲ್ಲ, ಪಿಂಚಣಿ ಬರುತ್ತಿದೆ, ಕೃತಜ್ಞನಾಗಿದ್ದೇನೆ. ಆದರೆ ಫಲಕ ಇಳಿಸಿದ ದಿನ ಮನೆಗೆ ಬಂದು ನಾನು ಕೈಯಿಟ್ಟದ್ದು ಮದ್ದಳೆಯ ಮೇಲೆ. ಬೇರೇನು ಮಾಡಬೇಕೆಂದು ತೋಚಲಿಲ್ಲ.

ನನ್ನ ದೂರು ಇರುವುದು ಇಲ್ಲಿ. ನನ್ನ ಮಾವ ನನ್ನಿಂದ ಕೇಳಿದ್ದು ಹಗಲನ್ನು. ತಾವು ನನ್ನ ಅಳಿಯನಿಂದ ಕೇಳುತ್ತಿರುವುದು ಹಗಲು, ರಾತ್ರಿ ಮತ್ತು ಭಾನುವಾರ. ಮನೆಯ ಋಣ ತೀರಿಸುವುದು, ತಂದೆಯ ಬೆವರಿಗೆ ಬೆಲೆ ಕೊಡುವುದು, ತಾಯಿ ತಲೆಯೆತ್ತಿ ನಡೆಯುವಂತೆ ಮಾಡುವುದು, ಇವೆಲ್ಲ ಹಿಂದೆಯೂ ಇದ್ದ ಹೊರೆಗಳೇ. ಅವನ್ನು ಹೊತ್ತುಕೊಂಡೇ ಈ ನೆಲದಲ್ಲಿ ಮೇಷ್ಟರುಗಳು ತಾಳಮದ್ದಳೆಯಲ್ಲಿ ಅರ್ಥ ಹೇಳಿದರು, ವಕೀಲರು ವೇಷ ಕಟ್ಟಿದರು, ಅಂಚೆಯವರು ಪದ್ಯ ಹೇಳಿದರು. ಹವ್ಯಾಸಿ ಸಂಘಗಳು ಊರೂರಿಗೆ ಹುಟ್ಟಿಕೊಂಡದ್ದು ಸಂಜೆ ಐದರ ನಂತರದ ಆ ಹೊತ್ತಿನಲ್ಲಿ. ತಮ್ಮ ವೇಳಾಪಟ್ಟಿ ಆ ಹೊತ್ತನ್ನು ಅಳಿಸಿಹಾಕಿದೆ. ಅಳಿಸಿಹಾಕಿದ ಮೇಲೆ ‘ಕಲೆ ಬೇಕೋ, ಭವಿಷ್ಯ ಬೇಕೋ, ಒಂದನ್ನು ಆರಿಸಿಕೊಳ್ಳಿ’ ಎಂದು ಹದಿನಾರು ವರ್ಷದವರನ್ನು ಕೇಳುತ್ತೀರಿ. ಉಡುಪಿ ಜಿಲ್ಲೆಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಶಾಲೆಗಳಲ್ಲೇ ಯಕ್ಷಗಾನ ಕಲಿಸುವ ಏರ್ಪಾಡಿದೆ. ನೂರಾರು ಹುಡುಗ ಹುಡುಗಿಯರು ಗೆಜ್ಜೆ ಕಟ್ಟಿ ರಂಗಕ್ಕೆ ಬರುವುದನ್ನು ನೋಡಿ ಕಣ್ತುಂಬಿಕೊಂಡಿದ್ದೇನೆ. ಪಿಯುಸಿ ಮೆಟ್ಟಿಲು ಹತ್ತಿದ ಮೇಲೆ ಅವರಲ್ಲಿ ಎಷ್ಟು ಮಂದಿ ಮತ್ತೆ ರಂಗದಲ್ಲಿ ಕಾಣುತ್ತಾರೆ ಎಂದು ಕಲಿಸಿದ ಗುರುಗಳನ್ನೇ ಕೇಳಿ ನೋಡಿ. ನಾನು ಕೇಳಿದೆ. ಒಬ್ಬರು ಉತ್ತರಿಸುವ ಬದಲು ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡರು.

ತಮ್ಮ ಸಾಧನೆಯನ್ನು ಅಲ್ಲಗಳೆಯುವಷ್ಟು ಸಣ್ಣವನಲ್ಲ ನಾನು. ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ 2024ರಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಶೇ. 93.90ರೊಂದಿಗೆ ಮೊದಲು, ದಕ್ಷಿಣ ಕನ್ನಡ ಶೇ. 93.57ರೊಂದಿಗೆ ಎರಡನೆಯದು. ಮೊದಲೆರಡು ಸ್ಥಾನಗಳನ್ನು ನಾವು ಅಕ್ಕಪಕ್ಕದ ಮನೆಯವರು ಹಂಚಿಕೊಳ್ಳುವ ಪದ್ಧತಿ ಆಗಿಬಿಟ್ಟಿದೆ. ಇದರಲ್ಲಿ ತಮ್ಮಂಥ ಕಾಲೇಜುಗಳ ಪಾಲಿದೆ, ಉಪನ್ಯಾಸಕರ ದುಡಿಮೆಯಿದೆ. ಆದರೆ ಇದೇ ಸಾಲಿನಲ್ಲಿ ಸಂಜೆಗೆ ಬಾಗಿಲು ಮುಚ್ಚಿ ಮಕ್ಕಳನ್ನು ಮನೆಗೆ ಕಳುಹಿಸುವ ಸರ್ಕಾರಿ ಕಾಲೇಜುಗಳೂ ಇವೆಯಲ್ಲ? ಅಲ್ಲಿಯ ಮಕ್ಕಳೂ ಪಾಸಾಗುತ್ತಿದ್ದಾರಲ್ಲ?

ಕಾಲೇಜು ಎಂದರೆ ಏನೇನು ಮಾಡಬಹುದು ಎಂಬುದಕ್ಕೆ ಬೇರೆ ರಾಜ್ಯದ ಉದಾಹರಣೆ ಬೇಕಾಗಿಲ್ಲ. 1971ರಲ್ಲಿ ಉಡುಪಿಯ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಅಲ್ಲಿಯ ಪ್ರಾಂಶುಪಾಲ ಕು.ಶಿ. ಹರಿದಾಸ ಭಟ್ಟರ ಮುತುವರ್ಜಿ, ಶಿವರಾಮ ಕಾರಂತರ ಮಾರ್ಗದರ್ಶನ. ಆ ಕಾಲೇಜನ್ನು ಕಟ್ಟಿದ ಟಿ.ಎಂ.ಎ. ಪೈಗಳು ಬ್ಯಾಂಕನ್ನೂ ವೈದ್ಯಕೀಯ ಕಾಲೇಜನ್ನೂ ಕಟ್ಟಿದವರೇ. ಅಂಥವರ ಕಾಲೇಜಿನ ಅಂಗಳದಲ್ಲಿ ಚೆಂಡೆಯ ಸದ್ದಿಗೆ ಜಾಗವಿತ್ತು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ, ಬೆದರಿಕೆ ಎಂದು ದಯವಿಟ್ಟು ತಿಳಿಯಬೇಡಿ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿದೆ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ತರಗತಿ ಬೇಡ, ಬೆಳಿಗ್ಗೆ ತೀರಾ ಬೇಗ ರಾತ್ರಿ ತೀರಾ ತಡ ಬೇಡ, ವಾರಕ್ಕೊಂದು ರಜೆ ಇರಲಿ, ರಜೆಯ ಮರುದಿನ ಪರೀಕ್ಷೆ ಇಡಬೇಡಿ, ನಡುವೆ ಬಿಟ್ಟುಹೋದವರಿಗೆ ಉಳಿದ ಅವಧಿಯ ಶುಲ್ಕ ಮರಳಿಸಿ ಎಂದು ಅದರಲ್ಲಿದೆ. ಇದನ್ನು ನಾನು ತಮ್ಮ ಕಚೇರಿಯಲ್ಲಿ ಓದಿ ಹೇಳಿದಾಗ ‘ನಮ್ಮದು ಕೋಚಿಂಗ್ ಕೇಂದ್ರವಲ್ಲ, ಕಾಲೇಜು’ ಎಂಬ ಉತ್ತರ ಬಂತು. ಆದರೆ ಶುಲ್ಕದ ರಸೀದಿಯಲ್ಲಿ ಕೋಚಿಂಗ್ ಎಂದೇ ಪ್ರತ್ಯೇಕ ಸಾಲಿದೆ, ಕಾಲೇಜು ಶುಲ್ಕಕ್ಕಿಂತ ದೊಡ್ಡ ಮೊತ್ತದ್ದು. ಶುಲ್ಕ ಪಡೆಯುವಾಗ ಕೋಚಿಂಗ್, ನಿಯಮ ಪಾಲಿಸುವಾಗ ಕಾಲೇಜು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ವಿಶಾಖಪಟ್ಟಣದಲ್ಲಿ ನೀಟ್ ತರಬೇತಿಯಲ್ಲಿದ್ದ ಹದಿನೇಳರ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ ಕೊಟ್ಟ ನಿರ್ದೇಶನಗಳಂತೂ ಕಾಲೇಜು, ಕೋಚಿಂಗ್, ಹಾಸ್ಟೆಲ್ ಯಾವುದನ್ನೂ ಬಿಟ್ಟಿಲ್ಲ. ಕಲೆ, ಕ್ರೀಡೆಗಳಿಗೆ ಸಂಸ್ಥೆಗಳು ಆದ್ಯತೆ ಕೊಡಬೇಕು ಎಂದಿದೆ. ಅಂಕದ ಮೇಲೆ ಬ್ಯಾಚು ಬ್ಯಾಚಾಗಿ ಮಕ್ಕಳನ್ನು ಬೇರ್ಪಡಿಸುವುದನ್ನು ಕೋಚಿಂಗ್ ಕೇಂದ್ರಗಳು ಆದಷ್ಟು ಬಿಡಬೇಕು ಎಂದೂ ಇದೆ. ಒಂಬತ್ತನೆಯ ಷರತ್ತು ಮತ್ತು ಮೊದಲ ಬ್ಯಾಚಿನ ಭಯ, ಎರಡೂ ಇದರ ಎದುರು ನಿಲ್ಲಲಾರವು.

ಹಾಗಾಗಿ ನನ್ನ ವಿನಂತಿಗಳು ಸಣ್ಣವು. ಒಂಬತ್ತನೆಯ ಷರತ್ತನ್ನು ಮುಚ್ಚಳಿಕೆಯಿಂದ ತೆಗೆಯಿರಿ. ಈಗಾಗಲೇ ಸಹಿ ಹಾಕಿದವರಿಗೂ ಅದು ಅನ್ವಯಿಸದು ಎಂದು ಒಂದು ಸಾಲು ಬರೆದು ಸೂಚನಾ ಫಲಕಕ್ಕೆ ಹಚ್ಚಿ. ವಾರದಲ್ಲಿ ಮೂರು ಸಂಜೆ, ಐದರಿಂದ ಆರೂವರೆ, ಮಕ್ಕಳ ಪಾಲಿಗೆ ಬಿಡಿ. ಎಲ್ಲರೂ ಚೆಂಡೆ ಬಾರಿಸಬೇಕೆಂದಲ್ಲ. ಒಬ್ಬಳು ಓಡಲಿ, ಒಬ್ಬ ಚಿತ್ರ ಬರೆಯಲಿ, ಮತ್ತೊಬ್ಬ ಗೋಡೆಗೊರಗಿ ಸುಮ್ಮನೆ ಕೂರಲಿ. ಅದರ ವರದಿ ಯಾರೂ ಬರೆಯುವುದು ಬೇಡ. ಮನೆಯ ದೈವದ ನೇಮೋತ್ಸವ, ಹರಕೆಯಾಟ, ಮದುವೆ, ಸಾವು, ಇಂಥವಕ್ಕೆ ವರ್ಷದಲ್ಲಿ ನಾಲ್ಕು ರಾತ್ರಿಯ ರಜೆಯನ್ನು ಬ್ಯಾಚಿನ ದಂಡವಿಲ್ಲದೆ ಕೊಡಿ. ತಪ್ಪಿದ ಅಣಕು ಪರೀಕ್ಷೆಯನ್ನು ಮರುದಿನ ಬರೆಸಿದರೆ ಆಕಾಶ ಕಳಚಿ ಬೀಳುವುದಿಲ್ಲ. ವಾದ್ಯಗಳನ್ನು ಇಡಲು, ಬಾರಿಸಲು ಓದುವ ಕೋಣೆಗಳಿಂದ ದೂರದಲ್ಲಿ ಒಂದು ಜಾಗ ಕೊಡಿ. ಕ್ಯಾಂಟೀನಿನ ಹಿಂದಿನ ಉಗ್ರಾಣ ಖಾಲಿಯಿದೆ, ನಾನೇ ನೋಡಿದ್ದೇನೆ. ಯಕ್ಷಗಾನಕ್ಕೆ ಅಂಕ ಕೊಡಿ, ಸೀಟು ಕೊಡಿ ಎಂದು ನಾನು ಕೇಳುತ್ತಿಲ್ಲ. ಅದಕ್ಕೂ ಅಂಕ ಬಂದ ದಿನ ಅದರ ಕೋಚಿಂಗೂ ಶುರುವಾಗುತ್ತದೆ, ಆ ಭಯ ನನಗಿದೆ.

ಈ ಪತ್ರ ಬಹಿರಂಗವಾದದ್ದರಿಂದ ಭಾವನೂ ಓದುತ್ತಾರೆ. ಭಾವ, ನೀವು ಐವತ್ತು ಡಿಗ್ರಿಯ ಬಿಸಿಲಿನಲ್ಲಿ ನಿಂತು ಕಳುಹಿಸುವ ಹಣದ ಬೆಲೆ ನನಗೆ ಗೊತ್ತು. ಮಗ ನಿಮ್ಮಂತೆ ಬಿಸಿಲಿನಲ್ಲಿ ನಿಲ್ಲಬಾರದು ಎಂಬ ನಿಮ್ಮ ಆಸೆಯಲ್ಲಿ ನಾನು ಒಂದು ಕೂದಲಿನಷ್ಟೂ ತಪ್ಪು ಕಾಣುವುದಿಲ್ಲ. ಆದರೆ ನಿಮ್ಮ ಪಿಕಪ್ ಗಾಡಿಯಲ್ಲಿ ಇಡೀ ದಿನ ಓಡುವುದು ಭಾಗವತಿಕೆಯ ಧ್ವನಿಮುದ್ರಣ ಎಂದು ನಿಮ್ಮ ರೂಮಿನವರೇ ನನಗೆ ಹೇಳಿದ್ದಾರೆ. ದುಬೈಯಲ್ಲಿ ನಮ್ಮವರ ಮಕ್ಕಳು ಕೆಲಸ, ಶಾಲೆ ಮುಗಿದ ಮೇಲೆ ಯಕ್ಷಗಾನ ಕಲಿಯುವ ಕೇಂದ್ರವಿದೆ. ಮರುಭೂಮಿಯಲ್ಲಿ ಬೆಳೆಯುವ ಮಕ್ಕಳಿಗೆ ಸಿಗುವ ಸಂಜೆ, ಕಟೀಲಿನ ಚೆಂಡೆ ಕೇಳಿಸುವ ದೂರದಲ್ಲಿ ಹುಟ್ಟಿದ ನಿಮ್ಮ ಮಗನಿಗೆ ಸಿಗುತ್ತಿಲ್ಲ. ಮುಂದಿನ ಸಲ ಫೋನಿನಲ್ಲಿ ಸ್ಕೋರಿನ ಬದಲು ಬೇರೇನಾದರೂ ಕೇಳಿ ನೋಡಿ. ನಾನೂ ಹಾಗೆಯೇ ಮಾಡುತ್ತೇನೆ, ಇಬ್ಬರೂ ಒಟ್ಟಿಗೆ ರೂಢಿ ಮಾಡಿಕೊಳ್ಳೋಣ.

ಮಾನ್ಯರೇ, ಇದನ್ನೆಲ್ಲ ಬರೆಯಲು ಕೂರಿಸಿದ್ದು ಏಪ್ರಿಲ್ ರಜೆಯ ಒಂದು ಬೆಳಿಗ್ಗೆ. ಹುಡುಗ ಹನ್ನೆರಡು ದಿನಕ್ಕೆ ಮನೆಗೆ ಬಂದಿದ್ದ. ಮೊದಲ ಮೂರು ದಿನ ಮಲಗಿಯೇ ಕಳೆದ. ನಾಲ್ಕನೆಯ ದಿನ ನಾನು ಅಟ್ಟದಿಂದ ಚೆಂಡೆ ಇಳಿಸಿ, ಹಗ್ಗ ಬಿಗಿದು, ಜಗಲಿಯಲ್ಲಿಟ್ಟು, ಏನೂ ಹೇಳದೆ ತೋಟಕ್ಕೆ ಹೋದೆ. ಮರಳಿ ಬಂದಾಗ ಅವನು ಅದರ ಮುಂದೆ ಕುಳಿತಿದ್ದ, ಕೋಲುಗಳು ಕೈಯಲ್ಲಿದ್ದವು. ಬಾರಿಸಿರಲಿಲ್ಲ. ನನ್ನನ್ನು ಕಂಡು ಗೋಡೆಯ ಗಡಿಯಾರ ನೋಡಿದ. ‘ಮಾವ, ಎಷ್ಟು ಹೊತ್ತು ಬಾರಿಸಬಹುದು?’ ಎಂದು ಕೇಳಿದ. ನಮ್ಮ ಮನೆಯಲ್ಲಿ, ರಜೆಯಲ್ಲಿ, ಯಾರೂ ಇಲ್ಲದ ಜಗಲಿಯಲ್ಲಿ. ನನಗೆ ಉತ್ತರ ಹೊಳೆಯಲಿಲ್ಲ. ‘ಅರ್ಧ ಗಂಟೆ’ ಎಂದುಬಿಟ್ಟೆ. ಸರಿಯಾಗಿ ಅರ್ಧ ಗಂಟೆ ಬಾರಿಸಿ, ಗೋಣಿ ಹೊದಿಸಿ, ಒಳಗೆ ಹೋಗಿ ಪುಸ್ತಕ ತೆರೆದ.

ಬರುವ ಶನಿವಾರ ಎರಡನೆಯ ವರ್ಷದ ತರಗತಿಗೆ ಅವನನ್ನು ಬಿಡಲು ಬರುತ್ತಿದ್ದೇನೆ. ಟ್ರಂಕಿನ ಜೊತೆ ಚೆಂಡೆಯನ್ನೂ ತರುತ್ತೇನೆ. ಗೇಟಿನಲ್ಲಿ ತಡೆದರೆ ಜಗಳ ಮಾಡುವುದಿಲ್ಲ. ಸ್ವೀಕರಿಸಲಾಗದು ಎಂದು ಕಾಲೇಜಿನ ಮೊಹರು ಹಾಕಿ ಬರೆದುಕೊಡಿ, ಒಯ್ಯುತ್ತೇನೆ. ಸ್ವೀಕರಿಸುವುದಾದರೆ ಒಂದೇ ಕೋರಿಕೆ. ಈಗ ಮಳೆಗಾಲ. ಚರ್ಮ ತೇವ ಎಳೆದುಕೊಳ್ಳುತ್ತದೆ. ನೆಲಕ್ಕೆ ತಾಗದಂತೆ ಮಣೆಯ ಮೇಲೆ ಇಡಿಸಿ, ಉಗ್ರಾಣದ ಕಿಟಕಿ ಸ್ವಲ್ಪ ತೆರೆದಿರಲಿ, ಬಿಸಿಲು ಬಂದ ದಿನ ಅರ್ಧ ಗಂಟೆ ಹೊರಗಿಡಲು ಹುಡುಗನಿಗೆ ಬಿಡಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ವಿದ್ಯಾರ್ಥಿಯ ಸೋದರಮಾವ
ಕಿನ್ನಿಗೋಳಿ